ಉಡುಪಿಯಿಂದ ಟೈಪ್ ಮಾಡಿ ಬೈಕಂಪಾಡಿಯ ಕಂಪ್ಯೂಟರನ್ನು ಕೂಗಿಸುವುದು

ಮಂಗಳೂರಿನ ಬೈಕಂಪಾಡಿಯ ಒಂದು ಗೋದಾಮಿನ ಆಫೀಸಿನಲ್ಲಿ ಬಿಲ್ಲಿಂಗಿಗೆ ಐದು ಡೆಸ್ಕ್‌ಟಾಪ್‌ಗಳು ಉಂಟು. ಐದೂ ಒಂದೇ ಮಾದರಿಯ ಕಪ್ಪು ಕ್ಯಾಬಿನೆಟ್, ಉದ್ದ ಮೇಜಿನ ಅಡಿಯಲ್ಲಿ ಸಾಲಾಗಿ ಇಟ್ಟದ್ದು. ಮೇಲೆ ಅಂಟಿಸಿದ ಚೀಟಿಗಳು ಮಳೆಗಾಲದ ತೇವಕ್ಕೆ ಕಳಚಿ ಹೋಗಿವೆ. ಎಲ್ಲದರಲ್ಲೂ ಲಿನಕ್ಸ್: ಕೆಲವದರಲ್ಲಿ ಡೆಬಿಯನ್, ಕೆಲವದರಲ್ಲಿ ಉಬುಂಟು. ನಿರ್ವಹಣೆ ಉಡುಪಿಯಿಂದ, ಎಸ್‌ಎಸ್‌ಎಚ್ ಮೂಲಕ, ಎಂದರೆ ನೆಟ್‌ವರ್ಕಿನಲ್ಲೇ ದೂರದ ಯಂತ್ರಕ್ಕೆ ಲಾಗಿನ್ ಆಗಿ. ಮೂರನೇ ಯಂತ್ರದ ಹಾರ್ಡ್ ಡಿಸ್ಕ್ ಬದಲಿಸಬೇಕಾದಾಗ ಅಲ್ಲಿರುವವರಿಗೆ ಫೋನಿನಲ್ಲಿ "ಆ ಡಬ್ಬ, ಅದರ ಪಕ್ಕದ್ದು" ಎಂದರೆ ಬಿಲ್ ಆಗುತ್ತಿರುವ ಯಂತ್ರದ ಪ್ಲಗ್ಗೇ ಕಿತ್ತು ಬರಬಹುದು. "ಅಕ್ಕ, ಕೂಗುವ ಡಬ್ಬ ಯಾವುದು ನೋಡಿ" ಎಂದು ಕೇಳುವಂತಾದರೆ ಗೊಂದಲವೇ ಇಲ್ಲ. ಅದನ್ನು ಸಾಧ್ಯ ಮಾಡಿದ ಕೆಲಸದ ದಾಖಲೆ ಇದು.

ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿರುವ ಆದೇಶಗಳನ್ನು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ), ಬೇರೆ ಹೇಳದಿದ್ದರೆ, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಚಿಹ್ನೆ, ಅಂಕಿಗಳು ಇದ್ದ ಹಾಗೆಯೇ.

ಬೆಲ್ ಬಾರಿಸಿದರೆ ಸದ್ದು ಎಲ್ಲಿ?

ಅಕ್ಷರಗಳಿಗೆ ಅಂಕಿ ಕೊಡುವ ಆಸ್ಕಿ ಪಟ್ಟಿಯಲ್ಲಿ 7ನೇ ಸಂಕೇತದ ಹೆಸರು ಬೆಲ್. ಟೆಲಿಪ್ರಿಂಟರಿನಲ್ಲಿ ಅದು ಬಂದು ಮುಟ್ಟಿದರೆ ಒಳಗಿದ್ದ ನಿಜವಾದ ಗಂಟೆಯೇ ಬಡಿಯುತ್ತಿತ್ತು. ಈಗಲೂ ಕಂಟ್ರೋಲ್ ಒತ್ತಿ ಜಿ ಒತ್ತಿದರೆ ಹೋಗುವುದು ಅದೇ ಸಂಕೇತ. ಶೆಲ್‌ನಲ್ಲಿ (ಟೈಪ್ ಮಾಡಿದ ಆದೇಶ ಓದಿ ನಡೆಸುವ ಪ್ರೋಗ್ರಾಮ್) ಹೀಗೆ:

ಪ್ರಿಂಟ್‌ಎಫ್ '\007'

ಬೈಕಂಪಾಡಿಯ ಯಂತ್ರಕ್ಕೆ ಎಸ್‌ಎಸ್‌ಎಚ್ ಮಾಡಿ ಇದನ್ನು ಹೊಡೆದರೆ ಬೀಪ್ ಕೇಳುವುದು ಉಡುಪಿಯಲ್ಲಿ. ಕಾರಣ ಸರಳ: ಪ್ರಿಂಟ್‌ಎಫ್ ಬರೆದದ್ದು ಆ ಸೆಷನ್ನಿನ ಟರ್ಮಿನಲ್‌ಗೆ, ಮತ್ತು ಆ ಟರ್ಮಿನಲ್ ಇರುವುದು ಕುಳಿತು ಟೈಪ್ ಮಾಡುವವರ ಮುಂದೆ. ಸಂಕೇತ ಅಕ್ಷರಗಳ ಜೊತೆಯಲ್ಲೇ ಹೊರಟು, ಗೂಢಲಿಪಿಯಾಗಿ ನೆಟ್‌ವರ್ಕ್ ದಾಟಿ, ಇಲ್ಲಿನ ಟರ್ಮಿನಲ್ ಪ್ರೋಗ್ರಾಮಿನ ಕೈಗೆ ಬರುತ್ತದೆ. ಸದ್ದು ಮಾಡಬೇಕೋ, ಪರದೆ ಮಿಂಚಿಸಬೇಕೋ, ಸುಮ್ಮನಿರಬೇಕೋ ಎಂದು ತೀರ್ಮಾನಿಸುವುದು ಅದು. ದೂರದ ಯಂತ್ರದ ಸ್ಪೀಕರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇದು ವ್ಯರ್ಥವಲ್ಲ. ದೊಡ್ಡ ಬ್ಯಾಕಪ್ ಮುಗಿದಾಗ ಇಲ್ಲಿ ಬೀಪ್ ಬೇಕಿದ್ದರೆ ಆದೇಶದ ಕೊನೆಗೆ ಸೆಮಿಕೋಲನ್ ಹಾಕಿ ಪ್ರಿಂಟ್‌ಎಫ್ ಸೇರಿಸಿದರೆ ಆಯಿತು. ಒಳಹೊಗದೆ ಒಂದೇ ಸಾಲಿನಲ್ಲಿ ಕಳಿಸುವಾಗ ಮಾತ್ರ ಉದ್ಧರಣ ಚಿಹ್ನೆ ಎರಡು ಪದರ ಬೇಕು (ಬಿಲ್3 ಎಂಬುದು ಮೂರನೇ ಯಂತ್ರದ ಹೆಸರು):

ಎಸ್‌ಎಸ್‌ಎಚ್ ಬಿಲ್3 "ಪ್ರಿಂಟ್‌ಎಫ್ '\007'"

ಹೊರಗಿನ ಜೋಡಿಯನ್ನು ಬಿಟ್ಟರೆ ಒಳಗಿನದ್ದನ್ನು ಇಲ್ಲಿನ ಶೆಲ್ ತಿಂದುಬಿಡುತ್ತದೆ, ಉಳಿದ ಬ್ಯಾಕ್‌ಸ್ಲ್ಯಾಶನ್ನು ಅಲ್ಲಿನ ಶೆಲ್ ತಿನ್ನುತ್ತದೆ. ಬೀಪ್ ಬದಲು ಪರದೆಯ ಮೇಲೆ 007 ಎಂದು ಬಂದರೆ ಆದದ್ದು ಇದೇ. ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಮ್ ಬಳಸುವವರಿಗೆ ಇನ್ನೊಂದು ವಿಷಯ: 2 ಸೆಕೆಂಡಿನೊಳಗೆ 5ಕ್ಕಿಂತ ಹೆಚ್ಚು ಬೆಲ್ ಬಂದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ, 5 ಸೆಕೆಂಡು ಯಾವ ಬೆಲ್ಲೂ ಬಾರದಿದ್ದರೆ ಮಾತ್ರ ಪುನಃ ಬಾಯಿ ತೆರೆಯುತ್ತದೆ. ಇದು ದೋಷವಲ್ಲ, ಅದರ ಮೂಲ ಸೆಟ್ಟಿಂಗ್. ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸುವ ಪ್ರೋಗ್ರಾಮ್) ಒಳಗಿದ್ದರೆ ಬೆಲ್-ಆ್ಯಕ್ಷನ್ ಎಂಬ ಆಯ್ಕೆ 'ನನ್' ಆಗಿಲ್ಲವೆಂದು ನೋಡಿಕೊಳ್ಳಿ.

ನಮಗೆ ಬೇಕಾದದ್ದು ಅಲ್ಲಿನ ಡಬ್ಬ ಕೂಗುವುದು. ಅದಕ್ಕೆ ಆ ಯಂತ್ರದಲ್ಲಿ ಬಜರ್ (ಬೀಪ್ ಮಾಡುವ ಸಣ್ಣ ಸ್ಪೀಕರ್) ಇರಬೇಕು, ಲಿನಕ್ಸಿನ ತಿರುಳಾದ ಕರ್ನೆಲ್‌ಗೆ ಅದರ ಡ್ರೈವರ್ ಬೇಕು, ಬರೆಯಲು ಅನುಮತಿ ಬೇಕು. ಆರಂಭ ಬಜರ್‌ನಿಂದ, ಏಕೆಂದರೆ ಅದಿಲ್ಲದೆ ಉಳಿದದ್ದನ್ನು ಪರೀಕ್ಷಿಸಲು ಬರುವುದಿಲ್ಲ.

ಬಜರ್ ಜೋಡಣೆ

ಹಳೆಯ ಕ್ಯಾಬಿನೆಟ್‌ಗಳಲ್ಲಿ 8 ಓಮ್‌ನ ಸಣ್ಣ ಕಾಗದದ ಸ್ಪೀಕರ್ ಬರುತ್ತಿತ್ತು. ಈಗಿನ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಾಗಿ ಎಂತದೂ ಇರುವುದಿಲ್ಲ. ಮದರ್‌ಬೋರ್ಡಿನ ಅಂಚಿನಲ್ಲಿ, ಪವರ್ ಬಟನ್‌ನ ವಯರು ಬರುವ ಕಡೆಯಲ್ಲೇ, ಎಸ್‌ಪಿಕೆಆರ್ ಅಥವಾ ಸ್ಪೀಕರ್ ಎಂದು ಮುದ್ರಿಸಿದ 4 ಪಿನ್‌ಗಳ ಹೆಡರ್ ಹುಡುಕಿ. ಸಾಮಾನ್ಯವಾಗಿ ಒಂದು ತುದಿಯ ಪಿನ್ 5 ವೋಲ್ಟ್, ಇನ್ನೊಂದು ತುದಿಯದ್ದು ಸಿಗ್ನಲ್. ನಡುವಿನ ಎರಡಕ್ಕೆ ನಮ್ಮ ಕೆಲಸವಿಲ್ಲ, ಆದರೆ ಅವುಗಳಲ್ಲಿ ಒಂದು ಗ್ರೌಂಡ್ ಆಗಿರುವ ಬೋರ್ಡ್‌ಗಳುಂಟು. ಆದ್ದರಿಂದ ಬೋರ್ಡಿನ ಕೈಪಿಡಿ ನೋಡದೆ ಬಿಡಿ ವಯರು ಸಿಕ್ಕಿಸಬೇಡಿ. 5 ವೋಲ್ಟ್ ಮತ್ತು ಗ್ರೌಂಡ್ ಒಂದಕ್ಕೊಂದು ತಾಗಬಾರದು.

ಮಂಗಳೂರಿನ ಹಂಪನಕಟ್ಟೆಯ ಸುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ "ಮದರ್‌ಬೋರ್ಡ್ ಬಜರ್" ಎಂದು ಕೇಳಿ. 4 ಪಿನ್ ಸಾಕೆಟ್ ಸಹಿತ ಬರುವ ಕಪ್ಪು ಡಬ್ಬಿಯದ್ದೇ ಬೇಕಾದದ್ದು. ಬಿಡಿ ಬಜರ್ ಕೊಟ್ಟರೆ ಅದು ಪ್ಯಾಸಿವ್ ಹೌದೋ ಅಲ್ಲವೋ ಅಂಗಡಿಯಲ್ಲೇ ಪರೀಕ್ಷಿಸಿ: 2 ಪೆನ್ಸಿಲ್ ಸೆಲ್ ಸೇರಿಸಿ 3 ವೋಲ್ಟ್ ಮುಟ್ಟಿಸಿದಾಗ ಒಮ್ಮೆ 'ಟಕ್' ಎಂದು ಸುಮ್ಮನಾದರೆ ಪ್ಯಾಸಿವ್, 'ಪೀ' ಎಂದು ಎಳೆದರೆ ಆ್ಯಕ್ಟಿವ್. ಆ್ಯಕ್ಟಿವ್ ಬಜರ್‌ನೊಳಗೆ ಅದರದ್ದೇ ಆಸಿಲೇಟರ್ ಇರುವುದರಿಂದ ನಾವು ಕಳಿಸುವ ಸ್ವರ ಅದಕ್ಕೆ ಹತ್ತುವುದಿಲ್ಲ, ಒಡಕು ಕಿರುಚಾಟ ಮಾತ್ರ ಬರುತ್ತದೆ. ತೆಳು ಪಿಯೆಜೊ ಬಿಲ್ಲೆ ಬಳಸುವುದಾದರೆ ಅದರ ಎರಡು ತುದಿಗಳ ನಡುವೆ 1 ಕಿಲೊಓಮ್ ರೆಸಿಸ್ಟರ್ ಹಾಕಲೇಬೇಕು. ಬೋರ್ಡಿನ ಟ್ರಾನ್ಸಿಸ್ಟರ್ ಸಿಗ್ನಲನ್ನು ಕೆಳಕ್ಕೆ ಎಳೆಯುತ್ತದೆ ಅಷ್ಟೇ, ಮೇಲಕ್ಕೆ ತಳ್ಳುವುದಿಲ್ಲ. ಪಿಯೆಜೊ ಕೆಪಾಸಿಟರಿನ ಜಾತಿ. ತುಂಬಿದ ಚಾರ್ಜ್ ಇಳಿಯಲು ದಾರಿ ಕೊಡದಿದ್ದರೆ ಸದ್ದು ಸೊಳ್ಳೆಯಷ್ಟೂ ಬರುವುದಿಲ್ಲ.

ಕರಾವಳಿಯಲ್ಲಿ ಇನ್ನೊಂದು ತೊಂದರೆ. ಸಮುದ್ರದ ಬದಿಯ ಗೋದಾಮಿನಲ್ಲಿ ವರ್ಷಗಟ್ಟಲೆ ಖಾಲಿ ನಿಂತ ಹೆಡರ್‌ನ ಪಿನ್‌ಗಳು ಮಂಕಾಗಿ ಬುಡದಲ್ಲಿ ಹಸಿರು ಕಿಲುಬು ಹಿಡಿದಿರುತ್ತವೆ. ಸಾಕೆಟ್ ಸಿಕ್ಕಿಸಿದರೂ ಸಂಪರ್ಕ ಆಗದೆ ಬಜರ್ ಒಮ್ಮೆ ಕೂಗಿ ಒಮ್ಮೆ ಸುಮ್ಮನಿರುತ್ತದೆ. ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಪಿನ್‌ಗಳನ್ನು ಉಜ್ಜಿ, ಒಣಗಲು ಬಿಟ್ಟು, ಸಾಕೆಟನ್ನು ನಾಲ್ಕೈದು ಸಲ ಹಾಕಿ ತೆಗೆದರೆ ಲೋಹ ಲೋಹಕ್ಕೆ ತಾಗುತ್ತದೆ. ಡಬ್ಲ್ಯೂಡಿ-40 ಇಲ್ಲಿ ಬೇಡ, ಉಳಿಯುವ ಎಣ್ಣೆಗೆ ಧೂಳು ಕೂರುತ್ತದೆ.

ಬೋರ್ಡ್ ಆನ್ ಮಾಡಿದಾಗ ಬಯಾಸ್ (ಬೋರ್ಡಿನೊಳಗಿನ ಆರಂಭದ ತಂತ್ರಾಂಶ) ಹಾಕುವ ಒಂದು ಸಣ್ಣ ಬೀಪ್ ಕೇಳಿದರೆ ಹಾರ್ಡ್‌ವೇರ್ ಸರಿ ಉಂಟು. ಅಲ್ಲಿಗೆ ಪುನಃ ಹೋಗಬೇಕಾಗಿಲ್ಲ, ಉಳಿದದ್ದು ಉಡುಪಿಯಿಂದಲೇ.

ಡ್ರೈವರ್

ಸುಡೊ ಮಾಡ್‌ಪ್ರೋಬ್ ಪಿಸಿಎಸ್‌ಪಿಕೆಆರ್

ಬಜರಿನ ಡ್ರೈವರ್ ಮಾಡ್ಯೂಲಾದ ಪಿಸಿಎಸ್‌ಪಿಕೆಆರನ್ನು ಕರ್ನೆಲ್‌ಗೆ ಏರಿಸುವ ಆದೇಶ ಇದು. ಸುಡೊ ಎಂದರೆ ರೂಟ್ ಎಂಬ ಪೂರ್ಣ ಅಧಿಕಾರದ ಬಳಕೆದಾರನಾಗಿ ನಡೆಸು ಎಂದು. ಡೆಬಿಯನ್‌ನಲ್ಲಿ ಡ್ರೈವರ್ ಈಗಾಗಲೇ ಲೋಡ್ ಆಗಿರಬಹುದು. ಎಲ್‌ಎಸ್‌ಮಾಡ್ ಪಟ್ಟಿಯಲ್ಲಿ ನೋಡಿ. ಉಬುಂಟುವಿನಲ್ಲಿ ಇದು /ಇಟಿಸಿ/ಮಾಡ್‌ಪ್ರೋಬ್.ಡಿ/ಬ್ಲ್ಯಾಕ್‌ಲಿಸ್ಟ್.ಕಾನ್ಫ್ ಕಡತದಲ್ಲಿ ನಿಷೇಧದ ಪಟ್ಟಿಯಲ್ಲುಂಟು. ನಿಷೇಧ ಎಂದರೆ ತಾನಾಗಿ ಹತ್ತುವುದಿಲ್ಲ ಎಂದಷ್ಟೇ, ಹೆಸರು ಹಿಡಿದು ಕರೆದರೆ ಬರುತ್ತದೆ. ಅನೇಕರು ಎಡವುವುದು ಇಲ್ಲಿ: ಕೈಯಿಂದ ಹಾಕಿದಾಗ ಕೆಲಸ ಮಾಡಿತು ಎಂದು /ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ ಒಳಗೆ ಒಂದು ಕಡತ ಬರೆದು ಬಿಡುತ್ತಾರೆ, ರೀಬೂಟ್ ಆದ ಮೇಲೆ ಯಂತ್ರ ಮೂಕ. ಬೂಟ್ ಹೊತ್ತಿನಲ್ಲಿ ಮಾಡ್ಯೂಲ್ ಏರಿಸುವ ಸಿಸ್ಟಮ್‌ಡಿ ನಿಷೇಧದ ಪಟ್ಟಿಗೆ ಮರ್ಯಾದೆ ಕೊಡುತ್ತದೆ. ಆ ಸಾಲಿನ ಮುಂದೆ # ಹಾಕಿ ಅದನ್ನು ಟಿಪ್ಪಣಿ ಮಾಡಿದರೆ ಮಾತ್ರ ಸರಿಯಾಗುತ್ತದೆ.

ಹತ್ತಿದ ಮೇಲೆ ಕರ್ನೆಲ್ ಈ ಬಜರನ್ನು ಒಂದು ಇನ್‌ಪುಟ್ ಸಾಧನವಾಗಿ ತೋರಿಸುತ್ತದೆ. ಸದ್ದು ಹೊರಗೆ ಹೋಗುವಂಥದ್ದಾದರೂ ಅದರ ಜಾಗ ಕೀಬೋರ್ಡ್, ಮೌಸ್‌ಗಳ ಸಾಲಿನಲ್ಲಿ: /ಡೆವ್/ಇನ್‌ಪುಟ್/ಬೈ-ಪಾತ್ ಒಳಗೆ ಪ್ಲಾಟ್‌ಫಾರ್ಮ್-ಪಿಸಿಎಸ್‌ಪಿಕೆಆರ್-ಇವೆಂಟ್-ಎಸ್‌ಪಿಕೆಆರ್ ಎಂಬ ಕೊಂಡಿ ಕಂಡರೆ ಎಲ್ಲ ಸರಿ ಎಂದರ್ಥ.

ಅತಿ ಸುಲಭದ ದಾರಿ

ಏನೂ ಇನ್‌ಸ್ಟಾಲ್ ಮಾಡದೆ ಕೂಗಿಸಬೇಕಿದ್ದರೆ ಅದೇ ಬೆಲ್ ಸಂಕೇತವನ್ನು ನಮ್ಮ ಟರ್ಮಿನಲ್ ಬಿಟ್ಟು ಆ ಯಂತ್ರದ ಸ್ವಂತ ಕನ್ಸೋಲ್‌ಗೆ (ಅದರದ್ದೇ ಪರದೆ, ಕೀಬೋರ್ಡಿನ ಟರ್ಮಿನಲ್) ಬರೆಯಿರಿ:

ಪ್ರಿಂಟ್‌ಎಫ್ '\007' | ಸುಡೊ ಟೀ /ಡೆವ್/ಟಿಟಿವೈ1

ಸುಡೊ ಪ್ರಿಂಟ್‌ಎಫ್ ಎಂದು ಬರೆದು > ಚಿಹ್ನೆಯಿಂದ ಕಳಿಸಿದರೆ ಅನುಮತಿ ಇಲ್ಲ ಎನ್ನುತ್ತದೆ. ಕಡತ ತೆರೆಯುವುದು ಸುಡೊ ಅಲ್ಲ, ಅದಕ್ಕಿಂತ ಮೊದಲೇ ನಮ್ಮ ಶೆಲ್. ಟೀ ಬಳಸಿದರೆ ಸಂಕೇತದ ಒಂದು ಪ್ರತಿ ನಮ್ಮ ಪರದೆಗೂ ಬರುವುದರಿಂದ ಉಡುಪಿಯಲ್ಲೂ ಬೀಪ್ ಆಗುತ್ತದೆ. ಅಲ್ಲಿ ಆಯಿತು ಎಂದು ತಪ್ಪು ತಿಳಿಯಬೇಡಿ. /ಡೆವ್/ಕನ್ಸೋಲ್ ಬದಲು ಟಿಟಿವೈ1 ಹೇಳಲು ಕಾರಣವೂ ಉಂಟು: ಸೀರಿಯಲ್ ಕನ್ಸೋಲ್ ಹೊಂದಿಸಿದ ಯಂತ್ರದಲ್ಲಿ ಕನ್ಸೋಲ್‌ಗೆ ಬರೆದದ್ದು ಸೀರಿಯಲ್ ಪೋರ್ಟಿಗೆ ಹೋಗುತ್ತದೆ.

ಹೀಗೆ ಬರುವ ಬೀಪ್ 750 ಹರ್ಟ್ಸ್, ಒಂದು ಸೆಕೆಂಡಿನ ಎಂಟನೇ ಒಂದು ಭಾಗ. ಫ್ಯಾನಿನ ಗಾಳಿಯಲ್ಲಿ ಅದು ಕೇಳಿದರೆ ಪುಣ್ಯ. ಬದಲಿಸಲು ಬೆಲ್‌ಗಿಂತ ಮೊದಲು ಈ ಸಂಕೇತಗಳನ್ನು ಅದೇ ಟಿಟಿವೈ1ಕ್ಕೆ ಕಳಿಸಿ:

'\033[10;2400]\033[11;400]'

ಮೊದಲನೆಯದ್ದು ಆವರ್ತನ, ಎರಡನೆಯದ್ದು ಮಿಲಿಸೆಕೆಂಡಿನಲ್ಲಿ ಉದ್ದ. ಜೋರಾಗಿ ಕೇಳಲಿ ಎಂದು ಉದ್ದವನ್ನು 2000 ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಕರ್ನೆಲ್ ಅದನ್ನು ಸೊನ್ನೆ ಮಾಡುತ್ತದೆ, ಬೀಪ್ ಪೂರ್ತಿ ನಿಂತುಹೋಗುತ್ತದೆ. ಮೂರು ಬೆಲ್ ಒಟ್ಟಿಗೆ ಕಳಿಸಿದರೂ ಕೇಳುವುದು ಒಂದೇ, ಏಕೆಂದರೆ ಪ್ರತಿ ಹೊಸ ಬೆಲ್ ಹಿಂದಿನದ್ದರ ಗಡಿಯಾರವನ್ನು ಮೊದಲಿನಿಂದ ಶುರು ಮಾಡುತ್ತದೆ. ನಡುವೆ ಸ್ಲೀಪ್ 1 ಹಾಕಿ.

ಬೀಪ್ ಪ್ರೋಗ್ರಾಮ್ ಮತ್ತು ಅನುಮತಿ

ಪ್ರತಿಸಲ ಸುಡೊ ಬೇಡವಾದರೆ ಬೀಪ್ ಎಂಬ ಪ್ಯಾಕೇಜೇ ಸರಿ. ಹಿಂದೆ ಇದನ್ನು ರೂಟ್ ಅಧಿಕಾರದಲ್ಲಿ ಓಡುವಂತೆ ಸೆಟ್‌ಯುಐಡಿ ಮಾಡುವ ರೂಢಿ ಇತ್ತು. 2018ರಲ್ಲಿ ಅದರಲ್ಲೇ ಸಾಮಾನ್ಯ ಬಳಕೆದಾರ ರೂಟ್ ಆಗಬಲ್ಲ ದೋಷ ಹೊರಬಿತ್ತು: ಅದರ ದಾಖಲೆ ಸಂಖ್ಯೆ ಸಿವಿಇ-2018-0492. ಸಣ್ಣ ಸದ್ದಿಗೆ ಇಡೀ ಯಂತ್ರದ ಬೀಗದ ಕೈ ಕೊಟ್ಟಂತಾಗಿತ್ತು. ಈಗಿನ 1.4 ಸರಣಿ ಸೆಟ್‌ಯುಐಡಿಯಲ್ಲಿ ಓಡುವುದಿಲ್ಲ, ಸುಡೊ ಬೀಪ್ ಎಂದರೂ ಭದ್ರತೆಯ ಕಾರಣ ಹೇಳಿ ನಿರಾಕರಿಸುತ್ತದೆ. ಹಳೆಯ ಸಲಹೆ ಓದಿ ಸುಡೊ ಹಾಕುವವರಿಗೆ ಇದು ಕೆಟ್ಟುಹೋದ ಹಾಗೆ ಕಾಣುತ್ತದೆ, ಆದರೆ ಈ ನಿರಾಕರಣೆ ಸರಿಯಾದದ್ದೇ.

ಮಾಡಬೇಕಾದದ್ದು ಹೀಗೆ. ಗ್ರೂಪ್‌ಆ್ಯಡ್ -ಆರ್ ಬೀಪ್ ಎಂದು ಒಂದು ಗುಂಪು ಮಾಡಿ, ನಮ್ಮ ಬಳಕೆದಾರನನ್ನು ಅದಕ್ಕೆ ಸೇರಿಸಿ. ನಂತರ ಸಾಧನಗಳಿಗೆ ಅನುಮತಿ ನಿಗದಿ ಮಾಡುವ ಯುಡೆವ್‌ನ /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ 70-ಪಿಸಿಎಸ್‌ಪಿಕೆಆರ್-ಬೀಪ್.ರೂಲ್ಸ್ ಎಂಬ ಕಡತದಲ್ಲಿ ಒಂದೇ ಸಾಲಿನ ನಿಯಮ ಬರೆಯಿರಿ: ಆ್ಯಕ್ಷನ್ 'ಆ್ಯಡ್' ಆಗಿದ್ದು, ಸಬ್‌ಸಿಸ್ಟಮ್ 'ಇನ್‌ಪುಟ್' ಆಗಿದ್ದು, ಹೆಸರಿನ ಗುಣ 'ಪಿಸಿ ಸ್ಪೀಕರ್' ಆಗಿದ್ದರೆ, ಗ್ರೂಪ್ ಬೀಪ್, ಮೋಡ್ 0620. ಮೊದಲ ಮೂರು ಹೋಲಿಕೆಗಳು, ಅವಕ್ಕೆ ಎರಡು ಸಮ ಚಿಹ್ನೆ (==). ಕೊನೆಯ ಎರಡು ನಿಗದಿಗಳು, ಅವಕ್ಕೆ ಒಂದೇ (=). ಹೆಸರಿಗೆ ಏಕವಚನದ ಎಟಿಟಿಆರ್ ಅಲ್ಲ, ಕೊನೆಗೆ ಎಸ್ ಇರುವ ಎಟಿಟಿಆರ್‌ಎಸ್ ಬೇಕು, ಏಕೆಂದರೆ ಹೆಸರು ಇರುವುದು ಇವೆಂಟ್ ಸಾಧನದಲ್ಲಲ್ಲ, ಅದರ ಮೇಲಿನ ಸಾಧನದಲ್ಲಿ. ಆ್ಯಕ್ಷನ್, ಸಬ್‌ಸಿಸ್ಟಮ್, ಎಟಿಟಿಆರ್‌ಎಸ್, ಗ್ರೂಪ್, ಮೋಡ್ ಎಂಬ ಪದಗಳು ಪೂರ್ತಿ ದೊಡ್ಡಕ್ಷರ; ಸಾಧನದ ಹೆಸರಿನಲ್ಲಿ ಪಿ, ಸಿ ಮತ್ತು ಸ್ಪೀಕರಿನ ಎಸ್ ಮೂರೂ ದೊಡ್ಡಕ್ಷರ. ಇದರಲ್ಲಿ ಯಾವುದು ತಪ್ಪಿದರೂ ಟರ್ಮಿನಲ್‌ನಲ್ಲಿ ದೂರು ಕಾಣುವುದಿಲ್ಲ, ನಿಯಮ ಸುಮ್ಮನೆ ಹತ್ತುವುದಿಲ್ಲ.

ಯುಡೆವ್‌ಎಡಿಎಂ ಕಂಟ್ರೋಲ್ --ರೀಲೋಡ್ ಆದ ಮೇಲೆ ಮಾಡ್ಯೂಲನ್ನು ತೆಗೆದು ಪುನಃ ಹಾಕಿ. ನಿಯಮ ಸಾಧನ ಸೇರುವ ಕ್ಷಣಕ್ಕೆ ಮಾತ್ರ ಅನ್ವಯಿಸುತ್ತದೆ. ಗುಂಪಿನ ಸದಸ್ಯತ್ವ ಬರಲು ಎಸ್‌ಎಸ್‌ಎಚ್‌ನಿಂದ ಹೊರಬಂದು ಪುನಃ ಒಳಹೋಗಬೇಕು.

ಇಷ್ಟೆಲ್ಲ ಯಾಕೆ, ಬಳಕೆದಾರನನ್ನು 'ಇನ್‌ಪುಟ್' ಗುಂಪಿಗೆ ಸೇರಿಸಿದರೆ ಸಾಲದೇ ಎಂದು ಕೇಳುವವರುಂಟು. ಕೂಗಲಿಕ್ಕೆ ಸಾಲುತ್ತದೆ. ಆದರೆ ಆ ಗುಂಪಿಗೆ ಕೀಬೋರ್ಡಿನ ಪ್ರತಿ ಒತ್ತನ್ನೂ ಓದುವ ಅನುಮತಿ ಉಂಟು, ಎಂದರೆ ಬಿಲ್ಲಿಂಗಿನವರು ಹೊಡೆಯುವ ಪಾಸ್‌ವರ್ಡ್ ಸಹಿತ. ಅದು ಖಂಡಿತ ಬೇಡ. 0620 ಎಂದರೆ ಬೀಪ್ ಗುಂಪಿನವರು ಆ ಒಂದು ಸಾಧನಕ್ಕೆ ಬರೆಯಬಹುದು, ಓದುವ ಹಾಗಿಲ್ಲ.

ಯಾವ ಸ್ವರ?

ಬಜರ್‌ಗೆ ವಾಲ್ಯೂಮ್ ಎಂಬುದಿಲ್ಲ, ಸಿಗ್ನಲ್ ಒಂದೋ ಇರುತ್ತದೆ ಇಲ್ಲವೇ ಇರುವುದಿಲ್ಲ. 1981ರ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8253 ಟೈಮರಿನ ಕ್ರಮವೇ ಇಂದಿಗೂ ನಡೆದುಬಂದಿದೆ: ಸೆಕೆಂಡಿಗೆ 1193182 ಬಡಿತದ ಗಡಿಯಾರವನ್ನು ಒಂದು ಪೂರ್ಣಸಂಖ್ಯೆಯಿಂದ ಭಾಗಿಸಿ ಚೌಕದ ಅಲೆ ಹುಟ್ಟಿಸುವುದು. ಆ ವಿಚಿತ್ರ ಅಂಕಿ ಬಂದದ್ದು ಅಮೆರಿಕದ ಬಣ್ಣದ ಟೀವಿ ಸಿಗ್ನಲ್‌ಗೆ ಬೇಕಾದ ಕ್ರಿಸ್ಟಲನ್ನೇ ಹಂಚಿಕೊಂಡದ್ದರಿಂದ. 2400 ಹರ್ಟ್ಸ್‌ಗೆ ಭಾಜಕ 497.

ಹಾಗಾಗಿ ಜೋರು ಬೇಕಿದ್ದರೆ ಸ್ವರವನ್ನೇ ಆರಿಸಬೇಕು. ಈ ಸಣ್ಣ ಬಜರ್‌ಗಳು ಅನುರಣಿಸುವುದು ಸಾಮಾನ್ಯವಾಗಿ 2000ದಿಂದ 4000 ಹರ್ಟ್ಸ್ ನಡುವೆ. ಬೀಪ್ ಪ್ರೋಗ್ರಾಮಿನ ಮೂಲ ಸ್ವರವಾದ 440 ಅಲ್ಲಿ ಪಿಸುಮಾತು. 1800ರಿಂದ 3400ರ ತನಕ 200ರ ಹೆಜ್ಜೆಯಲ್ಲಿ ಒಂದೊಂದಾಗಿ ಕೂಗಿಸಿ, ಯಾವುದು ಹೆಚ್ಚು ಜೋರು ಎಂದು ಅಲ್ಲಿರುವವರಲ್ಲಿ ಕೇಳಿ. ಮೇಲಿನ ಮಿತಿ 3400 ಆಗಲು ಫೋನೇ ಕಾರಣ: ಎಚ್‌ಡಿ ಅಲ್ಲದ ಸಾಮಾನ್ಯ ಕರೆಯಲ್ಲಿ ಸಾಗುವ ಧ್ವನಿ 300ರಿಂದ 3400 ಹರ್ಟ್ಸ್ ಮಾತ್ರ. ಅದಕ್ಕಿಂತ ಏರಿದರೆ ಅಲ್ಲಿ ಕೂಗಿದರೂ ಇಲ್ಲಿಗೆ ಕೇಳುವುದಿಲ್ಲ, ಪರಿಶೀಲಿಸಲು ಬರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಗುರುತಿಸುವುದರಲ್ಲಿ ನಮ್ಮ ಕಿವಿ ಅತಿ ಹೆಚ್ಚು ತಪ್ಪುವುದು ಸುಮಾರು 1500ರಿಂದ 3000 ಹರ್ಟ್ಸ್‌ನಲ್ಲಿ, ಬಜರ್ ಜೋರಾಗಿರುವ ಜಾಗದಲ್ಲೇ. ಮೇಜಿನಡಿಯ ಐದು ಡಬ್ಬಗಳಲ್ಲಿ ಒಂದು ಉದ್ದಕ್ಕೆ 'ಪೀ' ಎಂದರೆ ಎಲ್ಲವೂ ಕೂಗಿದ ಹಾಗೆ ಅನಿಸುತ್ತದೆ. ಸದ್ದು ಶುರುವಾಗುವ ಕ್ಷಣವೇ ಕಿವಿಗೆ ದಿಕ್ಕು ಹೇಳುವುದು. ಆದ್ದರಿಂದ ಶುರುವುಗಳು ಹೆಚ್ಚಿರಲಿ, ಸ್ವರ ಬದಲಾಗಲಿ:

ಬೀಪ್ -ಎಫ್ 2400 -ಎಲ್ 80 -ಆರ್ 4 -ಡಿ 120 -ಎನ್ -ಎಫ್ 1900 -ಎಲ್ 80 -ಆರ್ 4 -ಡಿ 120

ಎಫ್ ಆವರ್ತನ, ಎಲ್ ಉದ್ದ, ಆರ್ ಎಷ್ಟು ಸಲ, ಡಿ ನಡುವಿನ ಬಿಡುವು, ಎನ್ ಎಂದರೆ ಇಲ್ಲಿಂದ ಮುಂದಿನ ಸ್ವರ. ಇದನ್ನು /ಯುಎಸ್‌ಆರ್/ಲೋಕಲ್/ಬಿನ್/ಕೂಗು ಎಂಬ ಕಡತದಲ್ಲಿಟ್ಟು, ಹತ್ತು ಸುತ್ತು ಓಡಿಸಿ, ಪ್ರತಿ ಸುತ್ತಿನ ನಂತರ 1 ಸೆಕೆಂಡು ಬಿಡುವು ಕೊಟ್ಟಿದೆ. ಆ ಬಿಡುವಿನಲ್ಲಿ ಅವರು ಬಗ್ಗಿ ಮುಂದಿನ ಡಬ್ಬಕ್ಕೆ ಕಿವಿ ಕೊಡಬಹುದು. ಈಗ ಎಸ್‌ಎಸ್‌ಎಚ್ ಬಿಲ್3 ಕೂಗು ಎಂದರೆ ಸಾಕು, "ಹಾಂ, ಬಾಗಿಲ ಬದಿಯದ್ದು ಕೂಗ್ತಾ ಉಂಟು ಮಾರಾಯ್ರೆ" ಎಂದು ಉತ್ತರ ಬರುತ್ತದೆ.

ಸ್ವರ ಸಿಕ್ಕಿಕೊಂಡರೆ

ಬಜರ್‌ಗೆ 'ಶುರು' ಬೇರೆ, 'ನಿಲ್ಲಿಸು' ಬೇರೆ. ಪ್ರೋಗ್ರಾಮ್ ನಡುವೆ ಕಿಲ್ -9 ಆಗಿ ಸತ್ತರೆ ನಿಲ್ಲಿಸು ಹೋಗುವುದೇ ಇಲ್ಲ, ಡಬ್ಬ ಎಡೆಬಿಡದೆ ಕಿರುಚುತ್ತದೆ. ಇನ್ನೊಮ್ಮೆ ಬೀಪ್ -ಎಲ್ 1 ಓಡಿಸಿದರೆ ಅದರ ಕೊನೆಯ ನಿಲ್ಲಿಸು ಎರಡಕ್ಕೂ ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಡೊ ಮಾಡ್‌ಪ್ರೋಬ್ -ಆರ್ ಪಿಸಿಎಸ್‌ಪಿಕೆಆರ್. ಡ್ರೈವರ್ ಹೊರಡುವ ಮೊದಲು ಸ್ಪೀಕರ್ ಆರಿಸಿಯೇ ಹೋಗುತ್ತದೆ.

ಹೆಡರ್ ಇಲ್ಲದ ಬೋರ್ಡ್, ಮತ್ತು ಕರೆಂಟ್

ಹೆಡರ್ ಇಲ್ಲದ ಬೋರ್ಡಿನಲ್ಲಿ ಸೌಂಡ್ ಕಾರ್ಡೇ ಗತಿ. ಮುಂದಿನ ಹೆಡ್‌ಫೋನ್ ಜ್ಯಾಕಿಗೆ ಒಂದು ಅಗ್ಗದ ಸ್ಪೀಕರ್ ಸಿಕ್ಕಿಸಿ, ಟೈಮ್‌ಔಟ್ 2 ಸ್ಪೀಕರ್-ಟೆಸ್ಟ್ -ಟಿ ಸೈನ್ -ಎಫ್ 1000 ಓಡಿಸಿ. ಸದ್ದು ಬಾರದಿದ್ದರೆ ಎಚ್‌ಡಿಎಂಐ ಕಡೆಗೆ, ಸ್ಪೀಕರೇ ಇಲ್ಲದ ಮಾನಿಟರಿಗೆ ಹೋಗಿರುವ ಸಾಧ್ಯತೆ ಹೆಚ್ಚು. ಎಪ್ಲೇ -ಎಲ್ (ಸಣ್ಣಕ್ಷರದ ಎಲ್) ಕಾರ್ಡ್‌ಗಳ ಪಟ್ಟಿ ಕೊಡುತ್ತದೆ, ಸರಿಯಾದದ್ದನ್ನು ದೊಡ್ಡಕ್ಷರದ -ಡಿ ಆಯ್ಕೆಯಲ್ಲಿ ಹೇಳಿ. ಎಸ್‌ಎಸ್‌ಎಚ್‌ನಲ್ಲಿ ಬಂದವರಿಗೆ ಸೌಂಡ್ ಕಾರ್ಡ್ ಮುಟ್ಟಲು 'ಆಡಿಯೊ' ಗುಂಪು ಬೇಕು. ಮೇಜಿನ ಮುಂದೆ ಲಾಗಿನ್ ಆದವರಿಗೆ ಮಾತ್ರ ಆ ಹಕ್ಕು ತಾನಾಗಿ ಸಿಗುವುದು.

ಬಜರ್ ಇದ್ದಮೇಲೆ ಯುಪಿಎಸ್ ಎಚ್ಚರಿಕೆಗೂ ಅದನ್ನೇ ಬಳಸಬಹುದು. ನಟ್ ಎಂಬ ಯುಪಿಎಸ್ ತಂತ್ರಾಂಶ ಓಡುವ ಯಂತ್ರದಲ್ಲಿ ಯುಪಿಎಸ್‌ಮಾನ್.ಕಾನ್ಫ್ ತೆರೆದು, ಆನ್‌ಬ್ಯಾಟ್ ಸೂಚನೆಗೆ ಎಕ್ಸೆಕ್ ಸೇರಿಸಿ, ನೋಟಿಫೈಸಿಎಂಡಿಗೆ ಕೂಗು ಕಡತದ ಪೂರ್ತಿ ದಾರಿ ಕೊಡಿ (ಈ ಮೂರು ಪದಗಳೂ ದೊಡ್ಡಕ್ಷರದಲ್ಲಿ). ಕರೆಂಟ್ ಹೋಗಿ ಬ್ಯಾಟರಿಗೆ ಬಂದ ಕೂಡಲೇ ಡಬ್ಬ ಕೂಗುತ್ತದೆ, ತೆರೆದಿಟ್ಟ ಬಿಲ್ ಸೇವ್ ಮಾಡಲು ಸಮಯ ಸಿಗುತ್ತದೆ. ಅದು ಓಡುವುದು ನಟ್ ಎಂಬ ಬಳಕೆದಾರನ ಹೆಸರಿನಲ್ಲಿ. ಆ ಬಳಕೆದಾರನನ್ನೂ ಬೀಪ್ ಗುಂಪಿಗೆ ಸೇರಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಲಾಗ್‌ನಲ್ಲಿ ಸೂಚನೆ ಬರುತ್ತದೆ, ಬಜರ್ ಮಾತ್ರ ಉಸಿರೆತ್ತುವುದಿಲ್ಲ.